ಅಪ್ಪನ ಗಂಟಲು ಇನ್ನೊಮ್ಮೆ ತೋರಿಸ್ಲೇಬೇಕು

ಫ್ರೈಬುರ್ಗ್, ಜರ್ಮನಿ, ಆದಿತ್ಯವಾರ

ಅಣ್ಣಾ,

ನಾನು ಆರಾಮ, ಅಮ್ಮ ಅತ್ತಿಗೆ ಪುಟ್ಟು ಎಲ್ಲ ಹುಷಾರಲ್ವಾ. ನಿನ್ನ ಪತ್ರ ನಿನ್ನೆ ಓದಿದ್ದು, ಆಮೇಲೆ ನಿದ್ದೆಯೇ ಬರ್ಲಿಲ್ಲ. ಅಪ್ಪನಿಗೆ ಮೂರು ತಿಂಗಳಿಂದ ನುಂಗುವಾಗ ಎಂತದೋ ಸಿಕ್ಕಿದ ಹಾಗೆ ಆಗ್ತದೆ, ಬಲಗಡೆ ಕಿವಿಗೂ ನೋವು, ಇದನ್ನ ನನಗೆ ಈಗ ಹೇಳುದಾ? ಮಂಗಳೂರಲ್ಲಿ ಮೂಗಿನಿಂದ ಟ್ಯೂಬ್ ಹಾಕಿ ನೋಡಿ "ಅಡಿಯಲ್ಲಿ ಎಂಜಲು ನಿಂತಿದೆ, ಸರಿ ಕಾಣ್ಲಿಲ್ಲ, ಇನ್ನೊಮ್ಮೆ ಬನ್ನಿ" ಅಂದ್ರು, ಅಪ್ಪ ಅದನ್ನ "ಎಂತ ಇಲ್ವಂತೆ" ಮಾಡ್ಕೊಂಡು ತೋಟಕ್ಕೆ ಇಳಿದ್ರು. ಎಂತ ಇಲ್ಲ ಅಂತ ಹೇಳಿದ್ದಲ್ಲ ಅಣ್ಣಾ ಅವ್ರು, ನೋಡ್ಲಿಕ್ಕೇ ಆಗ್ಲಿಲ್ಲ ಅಂತ ಹೇಳಿದ್ದು.

ನಾನು ಇಎನ್‌ಟಿಯಲ್ಲೇ, ಕಿವಿ ಮೂಗು ಗಂಟಲಿನ ವಿಭಾಗದಲ್ಲೇ ಇರುದಲ್ವಾ, ದಿನಾ ನೋಡ್ತೇನೆ. ಗಂಟಲಿನ ಅಡಿಭಾಗ ಸುಮ್ಮನೆ ಕೂತಾಗ ಮುಚ್ಚಿಯೇ ಇರ್ತದೆ, ಧ್ವನಿಪೆಟ್ಟಿಗೆ ಹಿಂದಿನ ಗೋಡೆಗೆ ಒರಗಿರ್ತದೆ, ಒದ್ದೆ ಬಾಳೆಲೆ ಎರಡು ಅಂಟಿದ ಹಾಗೆ. ಬಿಡಿಸದೆ ಮಧ್ಯೆ ಎಂತ ಉಂಟು ಅಂತ ಎಷ್ಟು ಒಳ್ಳೆ ಕ್ಯಾಮರಾದಲ್ಲೂ ಕಾಣುದಿಲ್ಲ. ಅದಕ್ಕೆ ಮೊದಲು ಎಂಜಲು ನುಂಗ್ಬೇಕು. ಮತ್ತೆ ತುಟಿ ಬಿಗಿಮುಚ್ಚಿ ಶಂಖ ಊದುವ ಹಾಗೆ ಕೆನ್ನೆ ಉಬ್ಬಿಸ್ಬೇಕು, ಗಾಳಿ ತುಂಬಿ ಒಳಗೆ ತೆರ್ಕೊಳ್ತದೆ. ಹೊಕ್ಕಳು ನೋಡುವ ಹಾಗೆ ಮುಂದೆ ಬಗ್ಗಿದ್ರೆ ಧ್ವನಿಪೆಟ್ಟಿಗೆ ತನ್ನ ಭಾರಕ್ಕೇ ಮುಂದೆ ಬರ್ತದೆ, ತಲೆ ಎಡಕ್ಕೆ ತಿರುಗಿಸಿದ್ರೆ ಧ್ವನಿಪೆಟ್ಟಿಗೆಯ ಬಲಬದಿಗಿರುವ ಹೊಂಡ ತೆರ್ಕೊಳ್ತದೆ, ಅಪ್ಪನಿಗೆ ನೋವು ಬಲಕ್ಕೇ ಅಲ್ವಾ. ಬಗ್ಗಿಸಿ ನೋಡುವ ಉಪಾಯಕ್ಕೆ ಕಿಲಿಯನ್ ಅನ್ನುವ ಡಾಕ್ಟರ ಹೆಸರೇ ಉಂಟು, 1897ರಲ್ಲಿ ಒಬ್ಬ ರೈತನ ಶ್ವಾಸನಾಳದಿಂದ ಕೊಳವೆ ಹಾಕಿ ಮೂಳೆ ತೆಗೆದವ್ರು, ಅದೂ ಇದೇ ಊರಲ್ಲಿ! ಆಮೇಲೆ ಜಪಾನಿನವರು ಅದಕ್ಕೆ ತಿರುಗಿಸುದು, ಊದುದು ಸೇರಿಸಿದ್ರು. ಅಂಥಾ ಊರಲ್ಲಿ ಮಗಳು ಕೆಲ್ಸ ಮಾಡುದು ಅಂತ ಅಪ್ಪನಿಗೆ ಹೇಳು. ಇಲ್ಲಿ ಬೀದಿ ಬದಿಯಲ್ಲೇ ನಮ್ಮ ತೋಟದ ಕಣಿಯ ಹಾಗೆ ನೀರು ಹರೀತದೆ, ಪೇಟೆ ಮಧ್ಯೆ, ಎಷ್ಟು ಕ್ಲೀನ್ ಗೊತ್ತುಂಟಾ.

ಡಾಕ್ಟ್ರ ಹತ್ರ ಸಂಕೋಚ ಮಾಡ್ಬೇಡ, "ಕೆನ್ನೆ ಊದಿಸಿ ಒಮ್ಮೆ ನೋಡ್ತೀರಾ" ಅಂತ ಕೇಳು. ಅಪ್ಪ ಪುಟ್ಟು ಜೊತೆ ಬೆಲೂನ್ ಊದಿ ಅಭ್ಯಾಸ ಮಾಡ್ಲಿ. ಟ್ಯೂಬ್ ಪೆನ್ಸಿಲಿಗಿಂತ ಸಪೂರ, ಮೂಗಿಗೆ ಮರಗಟ್ಟುವ ಸ್ಪ್ರೇ ಹಾಕ್ತಾರೆ, ಎರಡು ಮೂರು ನಿಮಿಷ ಅಷ್ಟೆ. ಬದಿಯಡ್ಕದಿಂದ ಬಸ್ಸಲ್ಲಿ ಕುಲುಕಿಸ್ಕೊಂಡು ಹೋಗ್ಬೇಡಿ, ಕಾರು ಮಾಡಿ, ದುಡ್ಡು ನಾಳೆ ಹಾಕ್ತೇನೆ.

ಎಲೆಅಡಿಕೆ ಮಾತ್ರ ಇವತ್ತೇ ನಿಲ್ಲಿಸ್ಲಿ. ಹೊಗೆಸೊಪ್ಪು ಬಿಟ್ಟಿದ್ದೇನೆ ಅಂತ ಹೇಳ್ತಾರೆ, ಆದ್ರೆ ಬರೀ ಅಡಿಕೆಯನ್ನೂ 2004ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಕ್ಯಾನ್ಸರ್ ತರುವ ಪಟ್ಟಿಗೆ ಹಾಕಿದೆ. ಅಡಿಕೆ ಮಾರಿಯೇ ನನ್ನ ನರ್ಸಿಂಗ್ ಫೀಸು ಕಟ್ಟಿದ್ದು ಅಪ್ಪ, ನನ್ನ ಬಾಯಲ್ಲಿ ಇದು ಬರುದು ಕಷ್ಟವೇ.

ಹೆದರ್ಬೇಡಿ, ಹೆಚ್ಚಾಗಿ ಎಂತದೂ ಇರುದಿಲ್ಲ, ಬರೀ ಆಸಿಡಿಟಿಗೂ ಹೀಗೆ ಆಗ್ತದೆ, ಎಷ್ಟೋ ಜನರಿಗೆ ನಾನೇ ನೋಡಿದ್ದೇನೆ, ಅಮ್ಮನಿಗೆ ಎಂತ ಹೇಳ್ಬೇಡ, ನಾನೂ ಹೆದರ್ಲಿಲ್ಲ. ಆದ್ರೂ ಈ ವಾರವೇ ಹೋಗಿ, ಮಳೆ ಅಂತ ಮುಂದೆ ಹಾಕ್ಬೇಡ.

ಟ್ರಾಮಿಗೆ ಹೊತ್ತಾಯ್ತು, ಡ್ಯೂಟಿ ಉಂಟು. ತಲೆ ಎಡಕ್ಕೆ, ನೆನಪಿಡು.

ನಿನ್ನ ತಂಗಿ