ಮನೆಯ ಕೋವಿಯ ಮೂಲ ಹುಡುಕಿಕೊಟ್ಟವರಿಗೆ

ಮನೆಯ ಹಳೆಯ ಕೋವಿ ನಮ್ಮಲ್ಲೇ ಉಳಿಯುವುದೇ ಎಂದು ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷ ನಮ್ಮನ್ನು ಕಾಡಿದ ಪ್ರಶ್ನೆ ಕಳೆದ ವಾರ ಬಗೆಹರಿದು, ಲೈಸೆನ್ಸಿಲ್ಲದೆ ಅದನ್ನು ಇಟ್ಟುಕೊಳ್ಳುವ ವಿನಾಯಿತಿ ಪತ್ರ ನನ್ನ ಹೆಸರಿಗೆ ಬಂದಿದೆ. ಇದಕ್ಕೆ ನೆರವಾದವರಿಗೆ ನಾಲ್ಕು ಜನರೆದುರು ಕೃತಜ್ಞತೆ ಹೇಳದೆ ಸುಮ್ಮನಿರಲು ಮನಸ್ಸು ಒಪ್ಪುವುದಿಲ್ಲ.

ಕೊಡವರಿಗೂ ಕೊಡಗಿನ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ 1861ರಿಂದ ನಡೆದುಬಂದಿದೆಯಾದರೂ, ನಿಷೇಧಿತ ಬೋರಿನ, ಎಂದರೆ ನಿಷೇಧಿತ ನಳಿಗೆಯಳತೆಯ, ರೈಫಲ್ಲಿನ ಮಾತು ಬೇರೆ. ಸೇನೆಯ ತ್ರೀ ನಾಟ್ ತ್ರೀ (.303) ಆ ಗುಂಪಿಗೇ ಸೇರುತ್ತದೆ. ಅಪ್ಪನ ಹಳೆಯ ಪತ್ರದಲ್ಲಿ ‘ಮಿಲಿಟರಿ ರೈಫಲ್’ ಎಂದಷ್ಟೇ ಬರೆದಿತ್ತು. ಆಕಾರ ನೋಡಿದವರೆಲ್ಲ ಬ್ರಿಟಿಷ್ ಸೇನೆಯ ತ್ರೀ ನಾಟ್ ತ್ರೀ ರೈಫಲ್ಲಾದ ಲೀ-ಎನ್‌ಫೀಲ್ಡ್ ಎಂದರು. ಒಂದು ಕಚೇರಿಯಲ್ಲಂತೂ ಬೋಲ್ಟ್ ಎಳೆದೂ ನೋಡದೆ ಒಪ್ಪಿಸಿಬಿಡಿ ಎಂದರು. ಮುತ್ತಜ್ಜ ಮೊದಲ ಮಹಾಯುದ್ಧ ಮುಗಿಸಿ ಮೆಸೊಪೊಟೇಮಿಯಾದಿಂದ ತಂದದ್ದು ಎಂಬ ಮನೆಯ ಕಥೆಯನ್ನು ನಾನೇ ಹೆಮ್ಮೆಯಿಂದ ಅಲ್ಲಿ ಹೇಳಿದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ಸೇನೆಯಲ್ಲಿ ಬಂದೂಕು ರಿಪೇರಿಯ ಆರ್ಮರರ್ ಆಗಿ ದುಡಿದು ನಿವೃತ್ತರಾಗಿ ವಿರಾಜಪೇಟೆಯ ಬಳಿ ನೆಲೆಸಿರುವ ಹಿರಿಯರೊಬ್ಬರಿಗೆ ನನ್ನ ಮೊದಲ ನಮಸ್ಕಾರ. ಅವರು ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬೋಲ್ಟಿನ ಹಿಡಿಯ ಕೆಳಗಿನ ಉಕ್ಕಿನ ಪಟ್ಟಿಯನ್ನು ತಿಕ್ಕಿ, ಒಣಗಿದ ಮೇಲೆ ಸೀಮೆಸುಣ್ಣ ಉಜ್ಜಿದಾಗ, ನೂರು ವರ್ಷದ ಕೊಳೆಯೊಳಗಿಂದ ಕಿರೀಟ, ಅದರ ಕೆಳಗೆ ಇಂಗ್ಲೆಂಡಿನ ದೊರೆ ಜಾರ್ಜನ ‘ಜಿಆರ್’, ಕಾರ್ಖಾನೆಯ ಹೆಸರಾದ ‘ಎನ್‌ಫೀಲ್ಡ್’, 1917, ಮತ್ತು ಮೂರರ ರೋಮನ್ ಅಂಕಿಯ ಪಕ್ಕದಲ್ಲಿ ಒಂದು ನಕ್ಷತ್ರ ಬೆಳ್ಳಗೆ ಮೂಡಿಬಂದವು. ಆ ನಕ್ಷತ್ರ, ಯುದ್ಧಕಾಲದ ಅವಸರಕ್ಕಾಗಿ 1916ರಲ್ಲಿ ಕೆಲವು ಭಾಗಗಳನ್ನು ಕೈಬಿಟ್ಟು ಸರಳಗೊಳಿಸಿದ ಮಾದರಿಯ ಗುರುತು. ನನಗೆ ಎದೆ ಧಸಕ್ಕೆಂದಿತು, ಏಕೆಂದರೆ ಇದು ಅಪ್ಪಟ ಸೇನೆಯ ರೈಫಲ್ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಅವರು ಮಾತ್ರ ನಗುತ್ತಾ ಮ್ಯಾಗಜಿನ್ ಬಿಚ್ಚಿದರು. ಒಳಗೆ ಸ್ಪ್ರಿಂಗ್ ಇರಲಿಲ್ಲ. ಬಾಯಿಗೆ ಬಿಗಿಯಾಗಿ ಕೂರಿಸಿದ ಮರದ ತುಂಡೊಂದಿತ್ತು. ಬ್ಯಾರಲ್ಲಿಗೆ ಟಾರ್ಚ್ ಹಿಡಿದರೆ ರೈಫಲ್ಲಿನಲ್ಲಿ ಗುಂಡನ್ನು ತಿರುಗಿಸುವ ಸುರುಳಿಗೆರೆಯ ಸುಳಿವೇ ಇಲ್ಲ, ಒಳಗೋಡೆ ಲೋಟದಂತೆ ನುಣುಪು. ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ಹಳೆಯ ಲೀ-ಎನ್‌ಫೀಲ್ಡ್‌ಗಳನ್ನು ಪೊಲೀಸರಿಗೂ ಕಾವಲುಗಾರರಿಗೂ ಕೊಡಲೆಂದು ಹೀಗೆ ಪಾಯಿಂಟ್ 410 ಬೋರಿನ, ಸಲಕ್ಕೊಂದೇ ತೋಟೆ ಹಿಡಿಯುವ ಮಸ್ಕೆಟ್ ಆಗಿ ಮಾರ್ಪಡಿಸುತ್ತಿದ್ದರಂತೆ. ಕೋವಿ ಕಳ್ಳರ ಕೈ ಸೇರಿದರೂ ಸೇನೆಯ ರೈಫಲ್ಲಿನ ಹಾಗೆ ದೂರದ ಗುರಿಗೆ ಒಂದರ ಹಿಂದೊಂದು ಗುಂಡು ಹಾರಿಸಲು ಒದಗಬಾರದು ಎಂಬುದು ಆಗಿನ ಸರ್ಕಾರದ ಲೆಕ್ಕಾಚಾರ.

ಅಂದಮೇಲೆ ಅದು ಯುದ್ಧದಿಂದ ನೇರವಾಗಿ ನಮ್ಮ ಮನೆಗೆ ಬಂದದ್ದಾಗಿರಲು ಸಾಧ್ಯವೇ ಇರಲಿಲ್ಲ. ಮನೆಯ ಹೆಮ್ಮೆಗೆ ಅದು ತುಸು ಪೆಟ್ಟು; ಆದರೆ ಕೋವಿ ಈಗ ನಿಷೇಧಿತ ಬೋರಿನ ರೈಫಲ್ ಅಲ್ಲವೆಂದಾದ್ದರಿಂದ ನನ್ನ ಅರ್ಜಿಗೆ ಅದೇ ಜೀವದಾನ. ಅಳತೆ ತೆಗೆದು, ಪ್ರತಿಯೊಂದು ಮುದ್ರೆಯ ವಿವರ ಸೇರಿಸಿ ವರದಿ ಬರೆದುಕೊಟ್ಟ ಮಡಿಕೇರಿಯ ಕೋವಿ ರಿಪೇರಿಯವರಿಗೂ, ಅದನ್ನು ತಾಳ್ಮೆಯಿಂದ ಓದಿ ಕೋವಿಯನ್ನು ಕಣ್ಣಾರೆ ನೋಡಿ ಸಹಿ ಹಾಕಿದ ಅಧಿಕಾರಿಗೂ ನಾನು ಋಣಿ. ಇಂಗ್ಲೆಂಡಿನಲ್ಲಿರುವ ಗೆಳೆಯನೊಬ್ಬ ನಡುರಾತ್ರಿ ಎದ್ದು ಫೋಟೋಗಳನ್ನು ಹೋಲಿಸಿ ನೋಡಿದ್ದನ್ನೂ ಮರೆಯಲಾರೆ.

ಉಳಿದದ್ದು ಅಜ್ಜನ ತಂಗಿ, ತೊಂಬತ್ತೆರಡರ ನಮ್ಮ ಹಿರಿಯಜ್ಜಿ. ಈ ವರ್ಷದ ಕೈಲ್ ಮುಹೂರ್ತದಂದು, ಎಂದರೆ ಕೊಡವರ ಆಯುಧ ಪೂಜೆಯ ಹಬ್ಬದಂದು, ಮನೆಯ ನಡುವಿನ ಹಜಾರವಾದ ನಡುಬಾಡೆಯಲ್ಲಿ ಕೋವಿಯ ಬಾಯಿಗೆ ತೋಕ್ ಪೂ ಹೂವನ್ನು ಸಿಕ್ಕಿಸುತ್ತಾ ನಾನು ಈ ಸಂಗತಿಯನ್ನೆಲ್ಲ ಹಿಂಜರಿಯುತ್ತಲೇ ವಿವರಿಸಿದೆ. ಆಕೆ ಅಕ್ಕಿ ಉಂಡೆಯಾದ ಕಡಂಬುಟ್ಟಿನ ತಟ್ಟೆ ಪಕ್ಕಕ್ಕಿಟ್ಟು, ಅದು ತೋಟದ ಬಿಳಿ ದೊರೆ ಊರಿಗೆ ಹೊರಟಾಗ ತನ್ನ ಅಣ್ಣ ಕಾಫಿಯ ದುಡ್ಡು ಕೊಟ್ಟು ಕೊಂಡ ಕಾವಲುಗಾರನ ಕೋವಿ ಎಂದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದರೆ, ‘ಯುದ್ಧದ ಕಥೆ ಹೇಳುತ್ತಿದ್ದವರು ಗಂಡಸರು, ನನ್ನನ್ನು ಯಾರು ಕೇಳಿದರು?’ ಎಂದರು. ಅವರಿಗೆ ಕೃತಜ್ಞತೆಯ ಜೊತೆಗೆ ನನ್ನದೊಂದು ಕ್ಷಮೆಯೂ ಸಲ್ಲಬೇಕು.