ಮಗಳಿಗೊಂದು ಪತ್ರ: ಬಲೆ ಸರಿಮಾಡುವ ಕೆಲಸ

ಮೈಸೂರು,
ಭಾನುವಾರ ಸಂಜೆ

ಪ್ರೀತಿಯ ಮಗಳೇ,

ನಿನ್ನನ್ನು ಮಂಡ್ಯದ ಕಡೆಯ ಕ್ರೈಸ್ತ ಸಭೆಗೆ ಪಾಲಕಿಯಾಗಿ ಹಾಕಿದ್ದಾರೆ ಅಂತ ಗೊತ್ತಾದಾಗಿನಿಂದ ಎಲ್ಲರೂ ಆಶೀರ್ವಾದ ಹೇಳುತ್ತಿದ್ದಾರೆ. ನಾನು ಆಶೀರ್ವಾದದ ಜೊತೆಗೆ ಒಂದಿಷ್ಟು ಕೆಲಸದ ಮಾತು ಬರೆಯುತ್ತೇನೆ. ದೇವಶಾಸ್ತ್ರವನ್ನು ನೀನು ಕಾಲೇಜಿನಲ್ಲಿ ಓದಿದ್ದೀಯ. ಇದು ಬೆಂಚಿನ ಮೇಲೆ ಕೂತವರಿಗೆ, ಲೆಕ್ಕದ ಪುಸ್ತಕ ಹಿಡಿದವರಿಗೆ ಕಾಣುವ ಸೇವೆ.

ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯ ನಿನಗೆ ಬಾಯಿಪಾಠ. ಪಾಲಕರನ್ನೂ ಬೋಧಕರನ್ನೂ ಕೊಟ್ಟದ್ದು ಎಲ್ಲವನ್ನೂ ಅವರೇ ಮಾಡಲಿ ಅಂತಲ್ಲ, ದೇವಜನರು ಸೇವೆಗೆ ಸಿದ್ಧರಾಗಲಿ ಅಂತ. ಆ ‘ಸಿದ್ಧಮಾಡುವುದು’ ಅನ್ನುವುದಕ್ಕೆ ಮೂಲದಲ್ಲಿರುವ ಗ್ರೀಕ್ ಪದ ‘ಕತಾರ್ತಿಸ್ಮೋಸ್’. ಅದರದೇ ಕ್ರಿಯಾಪದ ಮಾರ್ಕ 1:19ರಲ್ಲಿ ಬರುತ್ತದೆ. ಯಾಕೋಬ, ಯೋಹಾನ ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರಲ್ಲ, ಅಲ್ಲಿ. ಮುರಿದ ಮೂಳೆ ಕೂಡಿಸುವುದಕ್ಕೂ ಆ ಕಾಲದ ವೈದ್ಯರು ಅದೇ ಪದ ಬಳಸುತ್ತಿದ್ದರು. ನಿನ್ನ ಕೆಲಸ ಅದು: ಹರಿದ ಕಡೆ ಹೊಲಿದು, ಮೀನು ಹಿಡಿಯುವವರ ಕೈಗೆ ಬಲೆ ಕೊಡುವುದು.

ಹಳ್ಳಿ ಸಭೆಯಲ್ಲಿ ಇದು ಕೆಡುವ ಬಗೆ ಒಂದೇ. ಹೊಸಬರು ಬಂದ ಕೂಡಲೇ ಜನ ಪ್ರೀತಿಯಿಂದಲೇ ಎಲ್ಲವನ್ನೂ ಅವರ ತಲೆಗೆ ಕಟ್ಟುತ್ತಾರೆ. ದೇವಾಲಯದ ಬೀಗದ ಕೈ, ಗಂಟೆ, ಮನೆಪ್ರಾರ್ಥನೆ, ಜಗಳದ ಪಂಚಾಯ್ತಿ, ಕೊನೆಗೆ ಮೈಕಿನ ವೈರೂ. ಬೇಡ ಅನ್ನುವುದು ಅಹಂಕಾರ ಅನ್ನಿಸಿ ನೀನೂ ಒಪ್ಪಿಕೊಳ್ಳುತ್ತೀಯ. ಆರು ತಿಂಗಳಲ್ಲಿ ನೀನೊಬ್ಬಳೇ ಓಡುತ್ತಿರುತ್ತೀಯ, ಉಳಿದವರು ಕೂತು ನೋಡುತ್ತಿರುತ್ತಾರೆ. ಮೋಶೆಗೆ ಅವನ ಮಾವ ಹೇಳಿದ್ದು ಇದನ್ನೇ, ವಿಮೋಚನಕಾಂಡ 18ರಲ್ಲಿ. ಹತ್ತು ಜನಕ್ಕೊಬ್ಬ, ಐವತ್ತು ಜನಕ್ಕೊಬ್ಬ ಅಂತ ಹಂಚು, ಇಲ್ಲದಿದ್ದರೆ ನೀನೂ ಸವೆಯುತ್ತೀ, ಜನವೂ ಸವೆಯುತ್ತಾರೆ ಅಂತ. ನಿನ್ನ ಸಭೆಯಲ್ಲಿ ನಲವತ್ತು ಮನೆ ಇದ್ದರೆ ಎಂಟೆಂಟು ಮನೆಯ ಐದು ಗುಂಪು ಮಾಡು. ಗುಂಪಿಗೆ ಇಬ್ಬರು, ಒಬ್ಬ ಗಂಡಸು, ಒಬ್ಬ ಹೆಂಗಸು. ಅವರು ನೋಡಬೇಕಾದದ್ದು ಇಷ್ಟೇ: ಯಾರಿಗೆ ಹುಷಾರಿಲ್ಲ, ಯಾರು ಸತತ ಎರಡು ಭಾನುವಾರ ಬಂದಿಲ್ಲ, ಯಾರ ಮನೆಯಲ್ಲಿ ಒಲೆ ಸರಿಯಾಗಿ ಹೊತ್ತುತ್ತಿಲ್ಲ. ಶನಿವಾರ ಸಂಜೆ ನಿನಗೆ ತಿಳಿಸಬೇಕು. ಮೊದಲ ಎರಡು ತಿಂಗಳು ಅರ್ಧ ಜನ ತಿಳಿಸುವುದಿಲ್ಲ. ನೀನೇ ಹೋಗಿ ಕೇಳುತ್ತಿರು, ಕೈಬಿಡಬೇಡ.

ಆ ಇಬ್ಬರನ್ನು ಆರಿಸುವಾಗ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯವನ್ನು ನಿಧಾನವಾಗಿ ಓದು. ದಿನದ ಊಟ ಹಂಚುವಾಗ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸಿದ್ದರು. ಆಮೇಲೆ ಆರಿಸಿದ ಏಳು ಜನರ ಹೆಸರು ನೋಡು, ಏಳೂ ಗ್ರೀಕ್ ಹೆಸರು. ಯಾರಿಗೆ ತಟ್ಟೆ ತಪ್ಪಿತ್ತೋ ಅವರ ಕಡೆಯವರ ಕೈಗೇ ಸೌಟು ಕೊಟ್ಟರು. ನಿನ್ನ ಸಭೆಯಲ್ಲೂ ಕಮಿಟಿಯಲ್ಲಿ ಯಾವತ್ತೂ ಹೆಸರಿಲ್ಲದ ಒಂದು ಬೀದಿ ಇದ್ದೇ ಇರುತ್ತದೆ. ಅಲ್ಲಿಂದ ಶುರುಮಾಡು. ಇನ್ನೊಂದು ವಿಷಯ: ಆ ಅಧ್ಯಾಯದಲ್ಲಿ ಊಟ ಹಂಚುವುದಕ್ಕೂ ವಾಕ್ಯ ಸಾರುವುದಕ್ಕೂ ಒಂದೇ ಪದ, ‘ದಿಯಕೋನಿಯ’. ಪೀಠದಿಂದ ಮಾಡುವ ಪ್ರಸಂಗ ದೊಡ್ಡದು, ಚಾಪೆ ಹಾಸುವುದು ಚಿಕ್ಕದು ಅಂತ ನಮ್ಮಲ್ಲಿ ಬೆಳೆದಿರುವ ಲೆಕ್ಕ ಸತ್ಯವೇದದ್ದಲ್ಲ.

ಈಗ ದುಡ್ಡಿನ ಮಾತು. ಇದನ್ನು ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಹೆಚ್ಚಿನ ಸಭೆಗಳು ಒಡೆಯುವುದು ಉಪದೇಶದ ಮೇಲಲ್ಲ, ಲೆಕ್ಕದ ಮೇಲೆ. ಕಾಣಿಕೆಯನ್ನು ನೀನು ಎಣಿಸಬಾರದು. ಆರಾಧನೆ ಮುಗಿದ ಕೂಡಲೇ ವೆಸ್ಟ್ರಿಯಲ್ಲಿ, ಅಂದರೆ ದೇವಾಲಯದ ಪಕ್ಕದ ಕೋಣೆಯಲ್ಲಿ, ಇಬ್ಬರು ಎಣಿಸಬೇಕು, ಆ ಇಬ್ಬರು ಒಂದೇ ಮನೆಯವರಾಗಿರಬಾರದು. ನೋಟೆಷ್ಟು ಚಿಲ್ಲರೆಯೆಷ್ಟು ಅಂತ ಬೇರೆ ಬೇರೆ ಬರೆದು, ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಇಬ್ಬರೂ ಅಲ್ಲೇ ಸಹಿ ಹಾಕಬೇಕು. ಸೋಮವಾರ ಇಡೀ ಮೊತ್ತ ಬ್ಯಾಂಕಿಗೆ ಹೋಗಬೇಕು. ‘ಇಷ್ಟರಲ್ಲಿ ಹೂವಿನವರಿಗೆ ಕೊಟ್ಟು ಉಳಿದದ್ದು ಕಟ್ಟೋಣ’ ಅಂದಾಗಲೇ ತೊಂದರೆ ಶುರು. ಖರ್ಚು ಬೇರೆ, ಅದಕ್ಕೆ ವೋಚರು ಬೇರೆ, ರಸೀದಿ ಬೇರೆ. ಈಗ ಕಾಣಿಕೆಗೆ ಕ್ಯೂಆರ್ ಕೋಡ್ ಅಂಟಿಸುತ್ತಾರೆ. ಅದು ಸಭೆಯ ಖಾತೆಯದ್ದೇ ಆಗಿರಬೇಕು. ‘ಸದ್ಯಕ್ಕೆ ನಿಮ್ಮ ನಂಬರಿಗೇ ಹಾಕ್ತೀವಿ’ ಅಂದರೆ ಒಂದು ದಿನಕ್ಕೂ ಒಪ್ಪಬೇಡ. ನೀನು ಒಂದು ರೂಪಾಯಿ ಮುಟ್ಟದಿದ್ದರೂ ನಿನ್ನ ಹಣವೂ ದೇವರ ಹಣವೂ ಒಂದೇ ಪಾಸ್‌ಬುಕ್ಕಿನಲ್ಲಿ ಕಲೆತ ಮೇಲೆ ಬೇರ್ಪಡಿಸಿ ತೋರಿಸಲು ನಿನ್ನಿಂದ ಆಗುವುದಿಲ್ಲ. ವಿದೇಶದಿಂದ ಯಾರಾದರೂ ಸೇವೆಗೆ ಅಂತ ಕಳಿಸುತ್ತೇನೆ ಅಂದರೆ ಡಯಾಸಿಸ್ ಕಚೇರಿಗೆ, ಅಂದರೆ ಬಿಷಪ್ಪರ ಕಚೇರಿಗೆ, ಬರೆಯಿರಿ ಅನ್ನು. ವಿದೇಶಿ ದೇಣಿಗೆಯ ಕಾಯಿದೆಯಾದ ಎಫ್‌ಸಿಆರ್‌ಎ ಅಡಿ ನೋಂದಣಿ ಇಲ್ಲದೆ ಅಂಥ ಹಣ ಪಡೆಯುವುದು ಅಪರಾಧ. ಸಭೆಯವರ ಹತ್ತಿರ ಕೈಸಾಲವಂತೂ ಬೇಡವೇ ಬೇಡ. ಸಾಲ ಕೊಟ್ಟವರ ಮನೆಯ ತಪ್ಪನ್ನು ತಿದ್ದುವ ಬಾಯಿ ನಿನಗೆ ಉಳಿಯುವುದಿಲ್ಲ.

ಇದು ಅನುಮಾನದ ಮಾತಲ್ಲ. ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣ ಒಯ್ಯುವಾಗ ಪೌಲನು ಒಬ್ಬನೇ ಹೋಗಲಿಲ್ಲ. ಸಭೆಗಳು ಆರಿಸಿದ ಸಹೋದರನನ್ನು ಜೊತೆಗಿಟ್ಟುಕೊಂಡ. ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತ ಕಾರಣವನ್ನೂ ಬರೆದ (2 ಕೊರಿಂಥ 8:20-21). ಪೌಲನಿಗೆ ಬೇಕಾದ ಸಾಕ್ಷಿ ನಿನಗೂ ಬೇಕು.

ಮನೆಭೇಟಿಗೆ ಹೊತ್ತು ನೋಡಿ ಹೋಗು. ನಾಟಿ, ಕಳೆ, ಕಬ್ಬು ಕಡಿಯುವ ದಿನಗಳಲ್ಲಿ ಹಗಲು ಯಾರೂ ಸಿಗುವುದಿಲ್ಲ. ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಬಿಟ್ಟಾಗ ಗಂಡಸರು ರಾತ್ರಿಯೂ ಗದ್ದೆಯಲ್ಲೇ ಇರಬಹುದು. ಸಂಜೆ ಮುದ್ದೆಗೆ ಎಸರಿಟ್ಟ ಹೊತ್ತಿಗೆ ಹೋದರೆ ಮನೆಯಾಕೆ ಪ್ರಾರ್ಥನೆಯಲ್ಲೂ ಒಲೆಯ ಕಡೆಯೇ ಕಿವಿ ಇಟ್ಟಿರುತ್ತಾಳೆ. ಊಟವಾದ ಮೇಲೆ ಹೋಗಿ, ಇಪ್ಪತ್ತು ನಿಮಿಷ ಕೂತು ಎದ್ದುಬಿಡು. ಕೇಳುವುದು ಹದಿನೈದು ನಿಮಿಷ, ವಾಕ್ಯ ಪ್ರಾರ್ಥನೆ ಐದು ನಿಮಿಷ. ತಿರುಗಿಸಿ ಮಾಡುವವರೇ ಹೆಚ್ಚು. ಅವರಿಗೆ ಮನೆಯವರ ಕಷ್ಟ ಯಾವತ್ತೂ ಗೊತ್ತಾಗುವುದಿಲ್ಲ. ಒಬ್ಬರೇ ಇರುವ ಮನೆಗೆ ಗುಂಪಿನ ಒಬ್ಬರನ್ನು ಜೊತೆಗೆ ಕರೆದುಕೋ, ಬಾಗಿಲು ತೆರೆದಿರಲಿ. ಹೋದ ಮನೆಗಳನ್ನು ಪುಸ್ತಕದಲ್ಲಿ ಗುರುತು ಹಾಕು. ಇಲ್ಲದಿದ್ದರೆ ಕಾಫಿ ಚೆನ್ನಾಗಿ ಕೊಡುವ ಆರು ಮನೆಗೇ ಕಾಲು ತಾನಾಗಿ ಹೋಗುತ್ತದೆ.

ಆಸ್ಪತ್ರೆಯಲ್ಲಿ ಹತ್ತು ನಿಮಿಷ ಸಾಕು. ಒಳಗೆ ಹೋಗುವಾಗ, ಹೊರಗೆ ಬರುವಾಗ ಕೈ ತೊಳೆ. ಹಾಸಿಗೆಯ ಕಾಲುದೆಸೆಯಲ್ಲಿ ನಿಲ್ಲಬೇಡ, ಅವರ ಕಣ್ಣಿಗೆ ನೇರವಾಗಿ ಕೂತುಕೋ. ಕಾಯಿಲೆಯ ಹೆಸರನ್ನು ವಾರ್ಡಿಗೆ ಕೇಳುವ ಹಾಗೆ ಪ್ರಾರ್ಥನೆಯಲ್ಲಿ ಹೇಳಬೇಡ. ನರ್ಸನ್ನು ಕೇಳದೆ ಒಂದು ತೊಟ್ಟು ನೀರೂ ಕುಡಿಸಬೇಡ, ಅವರನ್ನು ಆಪರೇಷನ್ನಿಗೆ ಹೊಟ್ಟೆ ಖಾಲಿ ಇಟ್ಟಿರಬಹುದು. ಇನ್ನು ಇದನ್ನು ಗಟ್ಟಿಯಾಗಿ ಹೇಳುತ್ತೇನೆ: ಪ್ರಾರ್ಥನೆ ಮಾಡಿದ್ದೇವೆ, ಇನ್ನು ಮಾತ್ರೆ ಬೇಡ ಅಂತ ನಿನ್ನ ಬಾಯಿಂದ ಬರಬಾರದು, ನಿನ್ನ ಸಭೆಯಲ್ಲಿ ಬೇರೆಯವರು ಹೇಳಿದರೆ ತಡೆ. ಕ್ಷಯದ ಮಾತ್ರೆ ಸಾಮಾನ್ಯವಾಗಿ ಆರು ತಿಂಗಳು. ಎರಡನೇ ತಿಂಗಳಲ್ಲಿ ಮೈಗೆ ಚೆನ್ನಾಗಾಯ್ತು ಅಂತ ಬಿಟ್ಟರೆ ಕಾಯಿಲೆ ಮಾತ್ರೆಗೆ ಬಗ್ಗದ ಹಾಗೆ ತಿರುಗಿ ಬರಬಹುದು. ಮೂರ್ಛೆರೋಗದ ಮಾತ್ರೆ ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಪತ್ರ ಬರೆದ ಯಾಕೋಬನು ಎಣ್ಣೆ ಹಚ್ಚಿ ಪ್ರಾರ್ಥಿಸಿ ಅಂದಿದ್ದಾನೆ, ಔಷಧ ಬಿಡಿ ಅಂದಿಲ್ಲ. ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯನ್ನು 1906ರಲ್ಲಿ ಕಟ್ಟಿದವರೂ ಪ್ರಾರ್ಥನೆ ಮಾಡುವವರೇ.

ಜನ ನಿನಗೆ ಹೇಳಿದ ಗುಟ್ಟು ನಿನ್ನಲ್ಲೇ ಸಾಯಬೇಕು. ಪ್ರಸಂಗದಲ್ಲಿ ಹೆಸರು ತೆಗೆದು ಉದಾಹರಣೆ ಕೊಟ್ಟರೂ ಅದು ಗುಟ್ಟು ಬಿಟ್ಟ ಹಾಗೆಯೇ. ನಲವತ್ತು ಮನೆಯ ಸಭೆಯಲ್ಲಿ ‘ಒಬ್ಬ ತಾಯಿ’ ಅಂದರೆ ಸಾಕು, ಎಲ್ಲರ ತಲೆ ಒಂದೇ ಬೆಂಚಿನ ಕಡೆ ತಿರುಗುತ್ತದೆ. ‘ಪ್ರಾರ್ಥನೆ ಮಾಡಿ’ ಅಂತ ವಾಟ್ಸಾಪ್ ಗ್ರೂಪಿಗೆ ಹಾಕುವ ಮುಂಚೆ ಆ ಮನೆಯವರನ್ನು ಕೇಳು. ಆದರೆ ಒಂದು ಗಡಿ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ವಿಷಯ ಕಿವಿಗೆ ಬಿದ್ದರೆ ಅದನ್ನು ಗುಟ್ಟಾಗಿಡುವ ಹಕ್ಕು ನಿನಗಿಲ್ಲ. 2012ರ ಪೋಕ್ಸೊ ಕಾಯಿದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟವರಿಗೂ ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿ 1098. ‘ಸಭೆಯ ಮರ್ಯಾದೆ, ಒಳಗೇ ಮುಗಿಸೋಣ’ ಅಂತ ಹಿರಿಯರು ಬಂದು ಕೂರುತ್ತಾರೆ. ಮತ್ತಾಯ 18 ಹೇಳುವ ಹಾಗೆ ಇಬ್ಬರ ನಡುವೆ ಮಾತಾಡಿ ಮುಗಿಸುವ ದಾರಿ ಸಹೋದರರ ಮನಸ್ತಾಪಕ್ಕೆ. ಮಗುವನ್ನು ಅದರ ಮೇಲೆ ಕೈಮಾಡಿದವನ ಎದುರು ಕೂರಿಸುವುದಕ್ಕೆ ಆ ವಚನ ಬಳಸಲು ಬಿಡಬೇಡ. ಸಂಡೇ ಸ್ಕೂಲಿನಲ್ಲಿ ಎಷ್ಟೇ ಕಡಿಮೆ ಮಕ್ಕಳಿರಲಿ, ದೊಡ್ಡವರು ಇಬ್ಬರಿರಲಿ.

ಪ್ರಸಂಗ ನಿನಗೆ ಬರುತ್ತದೆ, ಹೆಚ್ಚು ಹೇಳುವುದಿಲ್ಲ. ಇಪ್ಪತ್ತು ನಿಮಿಷ, ಒಂದೇ ಪಾಠ. ಸೋಮವಾರವೇ ಓದಿಟ್ಟುಕೊಂಡರೆ ವಾರದ ಮನೆಭೇಟಿಗಳೆಲ್ಲ ಅದರೊಳಗೆ ಇಳಿಯುತ್ತವೆ. ಶನಿವಾರ ರಾತ್ರಿ ತೆರೆದರೆ ಬರೀ ಕಾಲೇಜಿನ ನೋಟ್ಸು ಬರುತ್ತದೆ. ನಮ್ಮ ಸತ್ಯವೇದದ ಕನ್ನಡ ಹಳೆಯದು, ಮೊದಲು ವಚನವನ್ನು ಅವರ ಮಾತಿನಲ್ಲಿ ಒಂದು ಸಲ ಹೇಳಿಬಿಡು. ಕಮಿಟಿಯಲ್ಲಿ ಸೋತ ವಾದವನ್ನು ಪೀಠದಿಂದ ಗೆಲ್ಲಲು ಹೋಗಬೇಡ.

ಸಾವಿನ ಮನೆಗೆ ಮಾತ್ರ ತಡಮಾಡಬೇಡ. ಹೋಗಿ ಸುಮ್ಮನೆ ಕೂತರೂ ಆಯಿತು. ಮಣ್ಣಿಗೆ ಮುಂಚೆ ತೀರಿಕೊಂಡವರ ಹೆಸರನ್ನು ಮನೆಯವರು ಹೇಗೆ ಕರೆಯುತ್ತಿದ್ದರೋ ಹಾಗೆ ಕೇಳಿ ಬರೆದುಕೋ. ಮಣ್ಣಾದ ಮೂರು ದಿನ ಎಲ್ಲರೂ ಬರುತ್ತಾರೆ, ಆಮೇಲೆ ಮನೆ ಖಾಲಿ. ಒಂದು ತಿಂಗಳು, ಮೂರು ತಿಂಗಳು, ಮೊದಲ ಕ್ರಿಸ್ಮಸ್, ವರ್ಷದ ದಿನ, ಈ ನಾಲ್ಕನ್ನು ಅವತ್ತೇ ಡೈರಿಯಲ್ಲಿ ಬರೆದಿಡು.

ಊರಿನ ಬೇರೆಯವರಿಗೂ ನೀನು ಬೇಕಾಗುತ್ತೀಯ. ಪಿಂಚಣಿ ಅರ್ಜಿ, ಆಸ್ಪತ್ರೆ ಚೀಟಿ, ಮಕ್ಕಳ ಫೀಸು ಅಂತ ಬರುತ್ತಾರೆ. ಕೈಲಾದ್ದು ಮಾಡು, ಆದರೆ ಸಹಾಯಕ್ಕೂ ಸಭೆಗೆ ಬರುವುದಕ್ಕೂ ಗಂಟು ಹಾಕಬೇಡ. ಅಕ್ಕಿಗಾಗಿ ಬಂದವರು ಅಕ್ಕಿ ಮುಗಿದ ದಿನ ಹೋಗುತ್ತಾರೆ. ಅದಕ್ಕಿಂತ ಕೆಟ್ಟದ್ದು, ಸುವಾರ್ತೆಗೆ ಬೆಲೆಯ ಚೀಟಿ ಅಂಟಿಸಿದ ಹಾಗಾಗುತ್ತದೆ.

ಹೆಣ್ಣುಮಗಳು ಅಂತ ಮಾತು ಬರುತ್ತದೆ. ನಮ್ಮ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಎಷ್ಟೋ ವರ್ಷಗಳ ಹಿಂದೆಯೇ ಹೆಣ್ಣುಮಕ್ಕಳಿಗೆ ಪಾಲಕರ ಅಭಿಷೇಕ ಕೊಟ್ಟಿತು, 2013ರಲ್ಲಿ ಪುಷ್ಪಾ ಲಲಿತಾ ಬಿಷಪ್ ಆದರು. ಆದರೂ ಪಾಲಕರನ್ನು ‘ಅಯ್ಯನವರು’ ಅಂತ ಕರೆದು ರೂಢಿಯಾದ ನಾಲಿಗೆಗೆ ನಿನ್ನನ್ನು ಏನಂತ ಕರೆಯಬೇಕೋ ತಿಳಿಯುವುದಿಲ್ಲ. ಕರೆಯುವ ಹೆಸರಿಗೆ ಜಗಳ ಬೇಡ. ನಿನ್ನನ್ನು ಬಿಟ್ಟು ನಿರ್ಧಾರ ಮಾಡಿದರೆ ಮಾತ್ರ ಅವತ್ತೇ, ಸಭೆಯಲ್ಲೇ, ನಿಧಾನವಾಗಿ ಕೇಳು.

ವಾರಕ್ಕೊಂದು ದಿನ ರಜೆ ತೆಗೆದುಕೋ, ಯಾವ ದಿನ ಅಂತ ಮೊದಲ ಭಾನುವಾರವೇ ಪ್ರಕಟಣೆಯಲ್ಲಿ ಹೇಳು. ಸಾವು, ಆಸ್ಪತ್ರೆ ಬಿಟ್ಟು ಉಳಿದದ್ದು ಮರುದಿನಕ್ಕೆ. ಎಲೀಯನು ಸಾಯಬೇಕು ಅಂತ ಮಲಗಿದಾಗ ದೇವದೂತನು ಮೊದಲು ಬೋಧಿಸಲಿಲ್ಲ, ರೊಟ್ಟಿ ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟ (1 ಅರಸು 19). ಪ್ರಸಂಗಕ್ಕಾಗಿ ಓದುವುದು ಬೇರೆ, ನಿನಗಾಗಿ ಓದುವುದು ಬೇರೆ. ಎರಡನೆಯದನ್ನು ಮೊದಲು ಮುಗಿಸು. ನಿನ್ನ ಸಭೆಗೆ ಸಂಬಂಧವಿಲ್ಲದ ಒಬ್ಬ ಹಿರಿಯ ಸೇವಕರನ್ನು ತಿಂಗಳಿಗೊಮ್ಮೆ ನೋಡಿ, ನಿನ್ನ ತಪ್ಪುಗಳನ್ನು ಅವರ ಹತ್ತಿರ ಹೇಳಿಕೋ.

ಅಧಿಕಾರ ವಹಿಸಿಕೊಳ್ಳುವ ದಿನ ದೀಕ್ಷಾಸ್ನಾನ, ಮದುವೆ, ಸಮಾಧಿ ಈ ಮೂರು ರಿಜಿಸ್ಟರು, ಕ್ಯಾಷ್‌ಬುಕ್ಕು, ಪಾಸ್‌ಬುಕ್ಕು, ಬೀಗದ ಕೈಗಳನ್ನು ಎಣಿಸಿ, ಪಟ್ಟಿಗೆ ಹಿಂದಿನ ಪಾಲಕರೂ ನೀನೂ ಇಬ್ಬರೂ ಸಹಿ ಹಾಕಿ. ಕೆಲವು ವರ್ಷಕ್ಕೆ ನಿನಗೂ ವರ್ಗವಾಗುತ್ತದೆ, ಅವತ್ತು ಅದೇ ಪಟ್ಟಿಯನ್ನು ನೀನು ಕೊಡಬೇಕು. ಅದರ ಹಿಂಬದಿಯಲ್ಲಿ ಇನ್ನೊಂದು ಪಟ್ಟಿ ಈಗಲೇ ಶುರುಮಾಡು: ನೀನಿಲ್ಲದೆ ಆರಾಧನೆ ನಡೆಸಬಲ್ಲವರು, ರೋಗಿಯ ಹತ್ತಿರ ಕೂರಬಲ್ಲವರು, ಲೆಕ್ಕ ಬರೆಯಬಲ್ಲವರು, ಮಕ್ಕಳಿಗೆ ಕಲಿಸಬಲ್ಲವರು. ವರ್ಷಕ್ಕೆ ಮೂರು ಹೊಸ ಹೆಸರು ಸೇರಲಿ. ಹೋದ ಮೇಲೆ, ಹೊಸದಾಗಿ ಬಂದವರೇ ಕರೆಯದೆ ಅಲ್ಲಿನ ಮದುವೆಗೂ ಮಣ್ಣಿಗೂ ಪ್ರಾರ್ಥನೆ ನಡೆಸಲು ಹೋಗಬೇಡ.

ಛತ್ರಿಯನ್ನು ಚೀಲದ ಪಕ್ಕಕ್ಕೆ ಸಿಕ್ಕಿಸಿದ್ದೇನೆ. ತಲುಪಿದ ಮೇಲೆ ಫೋನ್ ಮಾಡು.

ಇಂತಿ,
ನಿನ್ನ ಅಮ್ಮ