ಮಗಳಿಗೊಂದು ಪತ್ರ: ಹಸುವಿನ ಎಡಪಕ್ಕೆಯೊಳಗೆ

ಪ್ರೀತಿಯ ಪುಟ್ಟಿ,

ಸಂಕ್ರಾಂತಿಗೆ ಹಸುವಿಗೆ ಹುಗ್ಗಿ ಒಂದು ಹಿಡಿ ಸಾಕು, ಬಕೆಟ್‌ಗಟ್ಟಲೆ ಬೇಡ ಅಂದದ್ದಕ್ಕೆ ಯಾಕೆ ಅಂತ ಕೇಳಿದ್ದೀಯ. ಕಾರಣ ಹಸುವಿನ ಹೊಟ್ಟೆಯಲ್ಲಿದೆ.

ಹಸುವಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳೇ ಇಲ್ಲ. ಆ ಜಾಗದಲ್ಲಿ ಗಟ್ಟಿ ವಸಡಿದೆ, ಕೆಳಗೆ ಎಂಟು ಹಲ್ಲುಗಳಿವೆ. ಒರಟು ನಾಲಿಗೆಯಿಂದ ಹುಲ್ಲನ್ನು ಸುತ್ತಿ ಎಳೆದು, ಸರಿಯಾಗಿ ಅಗಿಯದೆ ನುಂಗಿಬಿಡುತ್ತದೆ. ನಾಲ್ಕು ಭಾಗದ ಹೊಟ್ಟೆಯಲ್ಲಿ ಮೊದಲನೆಯದು ಎಡಪಕ್ಕೆಯಲ್ಲಿರುವ ರೂಮೆನ್. ದೊಡ್ಡ ಸೀಮೆಹಸುವಿನಲ್ಲಿ ಅದಕ್ಕೆ 100 ಲೀಟರಿಗೂ ಹೆಚ್ಚು ಹಿಡಿಸುತ್ತದೆ. ಹುಲ್ಲಿನ ನಾರನ್ನು ಕರಗಿಸುವ ಶಕ್ತಿ ಹಸುವಿಗಿಲ್ಲ, ರೂಮೆನ್ನಿನಲ್ಲಿರುವ ಸೂಕ್ಷ್ಮಜೀವಿಗಳಿಗಿದೆ. ಅವು ನಾರನ್ನು ಹುಳಿಸಿದಾಗ ಹುಟ್ಟುವ ಆಮ್ಲಗಳೇ ಹಸುವಿಗೆ ಶಕ್ತಿ. ಮುಂದೆ ನಾಲ್ಕನೆಯ ಹೊಟ್ಟೆಗೆ ಇಳಿದಾಗ ಆ ಜೀವಿಗಳೇ ಜೀರ್ಣವಾಗಿ ಹಸುವಿಗೆ ಪ್ರೋಟೀನ್ ಆಗುತ್ತವೆ. ನಾವು ಮೇವು ಹಾಕುವುದು ನಿಜವಾಗಿ ಇವುಗಳಿಗೆ.

ಹಸು ಮಲಗಿ ಮೆಲುಕು ಹಾಕುವಾಗ ಅದರ ಕುತ್ತಿಗೆ ನೋಡು. ಒಂದು ಉಂಡೆ ಕೆಳಗಿನಿಂದ ಮೇಲೇರುತ್ತದೆ. ಅದನ್ನು ಸುಮಾರು 50–60 ಸಲ ಅಗಿದು ನುಂಗುತ್ತದೆ, ಕೆಲವು ಸೆಕೆಂಡು ಸುಮ್ಮನಿರುತ್ತದೆ, ಮತ್ತೊಂದು ಉಂಡೆ ಬರುತ್ತದೆ. ದಿನಕ್ಕೆ ಏಳೆಂಟು ಗಂಟೆ ಇದೇ ಕೆಲಸ. ಅಗಿದಷ್ಟೂ ಜೊಲ್ಲು. ದೊಡ್ಡ ಹಸು ದಿನಕ್ಕೆ 100 ಲೀಟರಿಗೂ ಮೇಲೆ ಜೊಲ್ಲು ಸುರಿಸುತ್ತದೆ. ಅದರಲ್ಲಿ ಅಡುಗೆ ಸೋಡಾದಲ್ಲಿರುವ ಬೈಕಾರ್ಬೊನೇಟೇ ಇರುವುದರಿಂದ ಹೊಟ್ಟೆಯ ಹುಳಿ ಹದದಲ್ಲಿ, ಪಿಎಚ್ 6ರಿಂದ 7ರೊಳಗೆ, ನಿಲ್ಲುತ್ತದೆ. ಪಿಎಚ್ ಅಂದರೆ ಹುಳಿಯ ಅಳತೆ, ಅದು ಇಳಿದಷ್ಟೂ ಹುಳಿ ಹೆಚ್ಚು.

ಅನ್ನ, ಬೆಲ್ಲ, ಹಿಟ್ಟು ಒಮ್ಮೆಗೇ ಬಿದ್ದರೆ ಈ ಹದ ಕೆಡುತ್ತದೆ. ಅಗಿಯುವಂಥದ್ದು ಏನೂ ಇಲ್ಲದ್ದರಿಂದ ಜೊಲ್ಲು ಕಡಿಮೆ. ಪಿಷ್ಟವೋ ಗಂಟೆಗಳಲ್ಲೇ ಹುಳಿಯುತ್ತದೆ. ಲ್ಯಾಕ್ಟಿಕ್ ಆಮ್ಲ ತುಂಬಿ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ನಾರು ಕರಗಿಸುವ ಜೀವಿಗಳು ಸಾಯುತ್ತವೆ, ರೂಮೆನ್ ಅಲುಗಾಡುವುದನ್ನೇ ನಿಲ್ಲಿಸುತ್ತದೆ. ಮೇವು ಬಿಡುವುದು, ಹುಳಿ ವಾಸನೆಯ ಭೇದಿ, ತೂರಾಡುವ ನಡಿಗೆ. ತಡಮಾಡಿದರೆ ಒಂದೆರಡು ದಿನದಲ್ಲಿ ಜೀವವೇ ಹೋಗುತ್ತದೆ. ಮದುವೆಮನೆಯಲ್ಲಿ ಉಳಿದ ಅನ್ನವನ್ನು ಪುಣ್ಯವೆಂದು ಸುರಿಯುವುದರಿಂದಲೂ ಹೀಗಾಗುತ್ತದೆ. ಒಳ್ಳೆಯ ಮನಸ್ಸಿನಿಂದ ಹಸು ಸಾಯುವುದು ನನಗೆ ಬಹಳ ಸಂಕಟದ ವಿಷಯ. ಹಿಂಡಿ, ಬೂಸಾ ಹೆಚ್ಚಿಸುವುದಿದ್ದರೂ 10–14 ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ಹೊಸ ಮೇವಿಗೆ ತಕ್ಕ ಜೀವಿಗಳು ಬೆಳೆಯಲು ಅಷ್ಟು ಸಮಯ ಬೇಕು.

ರೂಮೆನ್ ಅಲುಗಾಡುತ್ತಿದೆಯೇ ಅಂತ ನೀನೇ ಪರೀಕ್ಷಿಸಬಹುದು. ಎಡಗಡೆ ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೂಳೆಯ ಮುಂದೆ ಒಂದು ಗುಳಿಯಿದೆ. ಅಲ್ಲಿ ಮುಷ್ಟಿ ಒತ್ತಿ ಎರಡು ನಿಮಿಷ ನಿಲ್ಲು. ಒಳಗಿನಿಂದ ಅಲೆಯಂತೆ ಎರಡು ಮೂರು ಸಲ ಮುಷ್ಟಿಯನ್ನು ತಳ್ಳಬೇಕು. ತಳ್ಳದಿದ್ದರೆ ಪಶುವೈದ್ಯರಿಗೆ ಹೇಳು. ಗುಳಿಯೇ ಕಾಣದಷ್ಟು ಉಬ್ಬಿ, ಬೆರಳಿನಿಂದ ತಟ್ಟಿದರೆ ಡಬಡಬ ಎಂದರೆ ಒಂದು ಕ್ಷಣವೂ ಕಾಯಬೇಡ. ತೇಗಿನಲ್ಲಿ ಹೊರಬರಬೇಕಾದ ಗಾಳಿ ಒಳಗೇ ಸಿಕ್ಕಿಕೊಂಡು ಉಸಿರಾಟವನ್ನು ಒತ್ತುತ್ತಿರುತ್ತದೆ.

ಕರುವಿನ ವಿಷಯ ಬೇರೆ. ಹುಟ್ಟಿದಾಗ ಅದರ ರೂಮೆನ್ ತೀರಾ ಚಿಕ್ಕದು. ಕೆಚ್ಚಲು ಚೀಪುವಾಗ ಅನ್ನನಾಳದ ಕೊನೆಯಲ್ಲಿರುವ ಮಡಿಕೆಯೊಂದು ಕೊಳವೆಯಾಗಿ ಮುಚ್ಚಿಕೊಂಡು, ಹಾಲನ್ನು ನೇರ ನಾಲ್ಕನೆಯ ಹೊಟ್ಟೆಗೆ ಸಾಗಿಸುತ್ತದೆ. ಗೊಟ್ಟದಲ್ಲಿ, ಅಂದರೆ ಔಷಧಿ ಕುಡಿಸುವ ಬಿದಿರಿನ ಕೊಳವೆಯಲ್ಲಿ, ಒತ್ತಾಯವಾಗಿ ಹಾಲು ಹೊಯ್ದರೆ ಆ ಮಡಿಕೆ ಮುಚ್ಚದೆ ಹಾಲು ರೂಮೆನ್ನಿಗೆ ಬಿದ್ದು ಕೊಳೆಯಬಹುದು, ಶ್ವಾಸಕೋಶಕ್ಕೂ ಹೋಗಬಹುದು. ಕರುವಿಗೆ ನಿಪ್ಪಲ್ ಬಾಟಲಿಯಲ್ಲೇ ಕುಡಿಸು, ತಾಯಿಯ ಕೆಚ್ಚಲಿನ ಎತ್ತರಕ್ಕೆ ಹಿಡಿದು.

ಪ್ರೀತಿಯಿಂದ,
ಅಮ್ಮ